ಪುಕ್ಕವೂ ಪ್ರೋಟೀನೇ, ಆದರೆ ಮೀನಿಗೆ?

ಮಾಂಸಕ್ಕೆ ಕಡಿದ ಪ್ರಾಣಿಗಳ ಉಳಿಕೆಯನ್ನು ಮೀನಿನ ಆಹಾರಕ್ಕೆ ಬಳಸುವ ಬಗ್ಗೆ, ಮೀನು ಸಾಕುವವರ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಅವತ್ತು ಹೇಳಲು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಮೊದಲು ಈ ನಾಲ್ಕು ಡಬ್ಬಿಗಳನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಕಳಿಸುತ್ತಿದ್ದೇನೆ. ಮುಚ್ಚಳ ತೆಗೆದು ಮೂಸಿ ನೋಡಿ, ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಆಮೇಲೆ ಕೈ ತೊಳೆದುಕೊಂಡರೆ ಸಾಕು.

ಕಪ್ಪು ಮಿಶ್ರಿತ ಕೆಂಪು, ಕಾಫಿ ಪುಡಿಯಷ್ಟು ನುಣುಪು ಇರುವುದು ರಕ್ತದ ಪುಡಿ. ಮಾಸಲು ಕಂದು ಬಣ್ಣದ, ಮರಳಿನ ಹಾಗೆ ಕೈಗೆ ತಾಗುವುದು ಕೋಳಿ ಪುಕ್ಕದ ಪುಡಿ. ಜಿಡ್ಡು ಜಿಡ್ಡಾಗಿ, ನಡುವೆ ಬಿಳಿ ಚುಕ್ಕೆ ಕಾಣುವುದು ಮಾಂಸ-ಮೂಳೆ ಪುಡಿ, ಆ ಬಿಳಿ ಚುಕ್ಕೆಗಳೇ ಮೂಳೆ. ಕೊನೆಯದು, ಹೊಂಬಣ್ಣದ್ದು, ಕೋಳಿ ಮಾಂಸ ಬೇರ್ಪಡಿಸಿದ ಮೇಲೆ ಉಳಿಯುವ ತಲೆ, ಕಾಲು, ಕುತ್ತಿಗೆ, ಕರುಳು ಎಲ್ಲ ಬೇಯಿಸಿ ಒಣಗಿಸಿದ ಪುಡಿ. ಅದರ ವಾಸನೆ ಅಷ್ಟೇನೂ ಕೆಟ್ಟದಿಲ್ಲ ಅಲ್ವಾ? ಮೀನಿಗೂ ಹಾಗೇ ಅನಿಸುತ್ತದೆ. ನಾಲ್ಕರಲ್ಲಿ ಅದು ಇಷ್ಟಪಟ್ಟು ತಿನ್ನುವುದು ಇದನ್ನೇ.

ಸಾಕಿದ ಪ್ರಾಣಿಯ ತೂಕದಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಮನುಷ್ಯರ ತಟ್ಟೆಗೆ ಬರುವುದೇ ಇಲ್ಲ. ಕೋಳಿಯಲ್ಲಿ ಸ್ವಲ್ಪ ಕಡಿಮೆ, ದೊಡ್ಡ ಪ್ರಾಣಿಗಳಲ್ಲಿ ಜಾಸ್ತಿ. ಮೀನನ್ನೇ ಹೆಚ್ಚಿದರೂ ತಲೆ, ಮುಳ್ಳು, ಚರ್ಮ, ಕರುಳು ಅಂತ ಎಷ್ಟೋ ಹೊರಗೆ ಹೋಗುತ್ತದೆ. ಇದೆಲ್ಲ ಹೂಳಬೇಕು, ಇಲ್ಲವೇ ಸುಡಬೇಕು, ಇಲ್ಲವೇ ಬೇಯಿಸಿ ಪುಡಿ ಮಾಡಿ ಯಾರಿಗಾದರೂ ತಿನ್ನಿಸಬೇಕು. ಮೂರನೆಯ ದಾರಿಗೆ ರೆಂಡರಿಂಗ್ ಅನ್ನುತ್ತಾರೆ. ಕೊಚ್ಚುವುದು, 115ರಿಂದ 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ ನೀರು ಓಡಿಸುವುದು, ಕೊಬ್ಬು ಹಿಂಡಿ ತೆಗೆಯುವುದು, ಉಳಿದ ಹಿಂಡಿಯನ್ನು ಬೀಸುವುದು. ಇಷ್ಟೇ ಕೆಲಸ. ಕೇಳಲು ಸುಲಭ, ಮಾಡುವಾಗ ಎಡವುವುದು ಅಲ್ಲೇ.

ಮೀನಿಗೆ ಯಾಕೆ ಇದು ಬೇಕು? 2022ರಲ್ಲಿ ಸಾಕಿದ ಜಲಚರಗಳ ಉತ್ಪಾದನೆ ಮೊದಲ ಬಾರಿಗೆ ಹಿಡಿದವುಗಳನ್ನು ಮೀರಿತು. ಸಾಕಿದ್ದು 9 ಕೋಟಿ 44 ಲಕ್ಷ ಟನ್, ಒಟ್ಟಿನಲ್ಲಿ ಶೇ. 51. ಆದರೆ ಸಾಕಿದ ಮೀನಿನ ಫೀಡ್‌ಗೆ ಬೇಕಾದ ಮೀನುಪುಡಿಯ ಉತ್ಪಾದನೆ ಮಾತ್ರ ವರ್ಷಕ್ಕೆ ಸುಮಾರು 50 ಲಕ್ಷ ಟನ್ನಿನ ಆಸುಪಾಸಲ್ಲೇ ನಿಂತಿದೆ. ಸಮುದ್ರ ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಒಂದು ಕೆಜಿ ಪುಡಿಗೆ ನಾಲ್ಕೈದು ಕೆಜಿ ಹಸಿ ಮೀನು ಬೇಕು. ಅದರಲ್ಲೂ ದೊಡ್ಡ ಪಾಲು ಪೆರು ದೇಶದ ಕಡಲಿನ ಆಂಚೊವೆಟ ಅನ್ನುವ ಬೆರಳುದ್ದದ ಮೀನಿನಿಂದ ಬರುತ್ತದೆ. ಎಲ್ ನಿನೊ ಬಂದು ನೀರು ಬಿಸಿಯಾದರೆ ಆ ಮೀನು ಮಾಯ. 2023ರಲ್ಲಿ ಪೆರುವಿನ ಮೊದಲ ಹಂಗಾಮನ್ನೇ ರದ್ದು ಮಾಡಿದರು. ಅಲ್ಲಿ ಬಲೆ ಬೀಳದಿದ್ದರೆ ಇನ್ನೊಂದು ಖಂಡದ ಕೊಳದಲ್ಲಿ ಫೀಡ್ ಚೀಲದ ಬೆಲೆ ಏರುತ್ತದೆ. ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಫೀಡ್‌ಗೇ ಹೋಗುತ್ತದೆ ಅನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಸೋಯಾ ಹಾಕಬಹುದಲ್ಲ? ಹಾಕುತ್ತಿದ್ದಾರೆ, ಧಾರಾಳವಾಗಿ. ನಾರ್ವೆಯ ಸಾಲ್ಮನ್ ಫೀಡ್‌ನಲ್ಲಿ 1990ರಲ್ಲಿ ಹತ್ತಿರಹತ್ತಿರ ಶೇ. 90 ಭಾಗ ಸಮುದ್ರದ್ದೇ ಇತ್ತು. 2020ರ ಹೊತ್ತಿಗೆ ಅದು ಕಾಲು ಭಾಗಕ್ಕೂ ಕೆಳಗಿಳಿದಿತ್ತು. ಉಳಿದದ್ದು ಬಹುಪಾಲು ಗಿಡದ್ದು. ಆದರೆ ಮಾಂಸ ತಿನ್ನುವ ಮೀನಿಗೆ ಸಾದಾ ಸೋಯಾ ಹಿಂಡಿ ಜಾಸ್ತಿ ಕೊಟ್ಟರೆ ಕರುಳಿನ ಹಿಂಭಾಗ ಊದಿಕೊಳ್ಳುತ್ತದೆ. ಅದಕ್ಕಾಗಿ ಸೋಯಾವನ್ನು ಇನ್ನಷ್ಟು ಸಂಸ್ಕರಿಸಬೇಕು, ಖರ್ಚು ಏರುತ್ತದೆ. ಆ ಹೊಂಬಣ್ಣದ ಕೋಳಿಯ ಪುಡಿಗೆ ಈ ತಕರಾರಿಲ್ಲ. ಚಿಲಿ, ಆಸ್ಟ್ರೇಲಿಯಾ, ಕೆನಡಾದಲ್ಲಿ ಸಾಲ್ಮನ್‌ಗೆ ಇದನ್ನು ವರ್ಷಗಳಿಂದ ತಿನ್ನಿಸುತ್ತಿದ್ದಾರೆ.

ಈಗ ಡಬ್ಬಿಗಳಿಗೆ ವಾಪಸ್ ಬರೋಣ. ಆ ಪುಕ್ಕದ ಡಬ್ಬಿ ಯಾರ ಕೈಯಲ್ಲಿದೆ? ಹಾಂ. ಅದರ ಚೀಲದ ಮೇಲೆ ಪ್ರೋಟೀನ್ ಶೇ. 80ಕ್ಕೂ ಮೇಲೆ ಅಂತ ಬರೆದಿರುತ್ತದೆ. ಒಳ್ಳೆಯ ಮೀನುಪುಡಿಯಲ್ಲೂ ಶೇ. 60ರಿಂದ 72. ಹಾಗಾದರೆ ಪುಕ್ಕವೇ ಮೇಲು ಅಲ್ವಾ? ಬೇಯಿಸದೆ ಬರೀ ಒಣಗಿಸಿದ ಪುಕ್ಕವನ್ನು ಪರೀಕ್ಷೆಗೆ ಕಳಿಸಿದರೂ ಅಷ್ಟೇ ಸಂಖ್ಯೆ ಬರುತ್ತದೆ. ಅದನ್ನು ತಿಂದ ಮೀನು ಮಾತ್ರ ಹೆಚ್ಚುಕಮ್ಮಿ ತಿಂದ ಹಾಗೇ ಹೊರಗೆ ಹಾಕುತ್ತದೆ.

ಈ ಸಂಖ್ಯೆ ಬರುವ ರೀತಿ ತಿಳಿದರೆ ಮೋಸ ಗೊತ್ತಾಗುತ್ತದೆ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ಅಂತ ಅಳೆದು, 6.25ರಿಂದ ಗುಣಿಸುತ್ತಾರೆ. ಪ್ರೋಟೀನಿನಲ್ಲಿ ಸರಾಸರಿ ಶೇ. 16 ಸಾರಜನಕ ಇರುತ್ತದೆ ಅನ್ನುವ ಲೆಕ್ಕ. ಸಾರಜನಕ ಎಲ್ಲಿಂದ ಬಂತು, ಯಾರ ಹೊಟ್ಟೆಯಲ್ಲಿ ಅದು ಕರಗುತ್ತದೆ ಅನ್ನುವುದು ಆ ಪರೀಕ್ಷೆಗೆ ಬೇಕಾಗಿಲ್ಲ. ಯೂರಿಯಾ ಹಾಕಿದರೂ ಪ್ರೋಟೀನ್ ಅನ್ನುತ್ತದೆ, ಚಪ್ಪಲಿಯ ಚರ್ಮ ಅರೆದು ಕೊಟ್ಟರೂ ಪ್ರೋಟೀನ್ ಅನ್ನುತ್ತದೆ. 2007ರಲ್ಲಿ ಅಮೆರಿಕದಲ್ಲಿ ನಾಯಿ-ಬೆಕ್ಕುಗಳ ಆಹಾರಕ್ಕೆ ಮೆಲಮೈನ್ ಅನ್ನುವ ಕೈಗಾರಿಕೆಯ ರಾಸಾಯನಿಕ ಸೇರಿದ್ದು ಬಯಲಾಯಿತು, ನೆನಪಿರಬಹುದು. ಮೆಲಮೈನ್‌ನ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕ. ಚಿಟಿಕೆ ಹಾಕಿದರೆ ಸಾಕು, ಸಂಖ್ಯೆ ಜಿಗಿಯುತ್ತದೆ. ಅದನ್ನು ಬೆರೆಸಿದವರು ನಂಬಿದ್ದು ಈ 6.25ನ್ನೇ.

ಪುಕ್ಕದ ಪ್ರೋಟೀನ್ ಹೆಸರು ಕೆರಾಟಿನ್. ನಮ್ಮ ಕೂದಲು, ಉಗುರು ಕೂಡ ಅದೇ ಜಾತಿ. ಎಳೆ ಎಳೆಗೂ ಗಂಧಕದ ಕೊಂಡಿ ಹಾಕಿ ಬಿಗಿದಿರುತ್ತದೆ. ಮಳೆ, ಬಿಸಿಲು, ಗಾಳಿ ಯಾವುದಕ್ಕೂ ಜಗ್ಗಬಾರದು ಅಂತಲೇ ಹಕ್ಕಿ ಅದನ್ನು ಕಟ್ಟಿಕೊಂಡಿದೆ. ಹೊಟ್ಟೆಯ ರಸಕ್ಕೆ ಅದು ಸುಮ್ನೆ ಜಗ್ಗುತ್ತದಾ? ಅದಕ್ಕೇ ಒತ್ತಡದ ಹಬೆ ಬೇಕು. ದೊಡ್ಡ ಪ್ರೆಷರ್ ಕುಕ್ಕರ್ ಅಂದುಕೊಳ್ಳಿ. 140 ಡಿಗ್ರಿ ಆಸುಪಾಸಿನಲ್ಲಿ ಅರ್ಧ ಮುಕ್ಕಾಲು ಗಂಟೆ ಬೆಂದಾಗ ಆ ಕೊಂಡಿಗಳು ಕಳಚುತ್ತವೆ.

ಕಡಿಮೆ ಬೆಂದರೆ ಕೊಂಡಿ ಉಳಿಯುತ್ತದೆ, ಜಾಸ್ತಿ ಬೆಂದರೆ ಅಮೈನೋ ಆಮ್ಲಗಳೇ ಹಾಳಾಗುತ್ತವೆ. ಪಕ್ಕದಲ್ಲಿ ಒಂದು ಭೂತಗನ್ನಡಿ ಇಟ್ಟಿದ್ದೇನೆ, ಅದರಲ್ಲಿ ಪುಡಿಯನ್ನು ನೋಡಿ. ಚೆನ್ನಾಗಿ ಬೆಂದದ್ದು ಒಣಗಿದ ಗೋಂದಿನ ಚೂರುಗಳ ಹಾಗೆ, ಹೊಳಪಾಗಿ, ಜೇನಿನ ಬಣ್ಣದಲ್ಲಿ ಕಾಣುತ್ತದೆ. ಅಲ್ಲಲ್ಲಿ ಪುಕ್ಕದ ಎಳೆ, ಕಡ್ಡಿ ಹಾಗೇ ಕಂಡರೆ ಕುಕ್ಕರ್ ಬೇಗ ಇಳಿಸಿದ್ದಾರೆ ಅಂತ ಅರ್ಥ. ಸುಟ್ಟ ಕೂದಲಿನ ವಾಸನೆ ಬಂದರೆ ಇಳಿಸುವುದನ್ನು ಮರೆತಿದ್ದಾರೆ. ಮಾರುವವರು ಪೆಪ್ಸಿನ್ ಪರೀಕ್ಷೆಯ ಕಾಗದ ತೋರಿಸಬಹುದು, ಪೆಪ್ಸಿನ್ ಅಂದರೆ ಜಠರದಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ. ಆಗ ಒಂದು ಮಾತು ಕೇಳಿ: ಪೆಪ್ಸಿನ್ ಎಷ್ಟು ಗಟ್ಟಿ ಬಳಸಿದ್ದೀರಿ? ಶೇ. 0.2 ಇದ್ದರೆ ಕೆಟ್ಟದ್ದೂ ಪಾಸಾಗುತ್ತದೆ. ಅದರ ನೂರನೇ ಒಂದು ಪಾಲು, ಅಂದರೆ ಶೇ. 0.002ರಲ್ಲಿ ಮಾಡಿದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಬೇರೆಯಾಗುತ್ತದೆ.

ಇನ್ನೂ ನಂಬಿಕೆಯ ದಾರಿ ಅಂದರೆ ಮೀನನ್ನೇ ಕೇಳುವುದು. ಫೀಡ್‌ಗೆ ಜೀರ್ಣವಾಗದ ಯಿಟ್ರಿಯಂ ಆಕ್ಸೈಡ್ ಒಂದಿಷ್ಟು ಬೆರೆಸುತ್ತಾರೆ. ತೊಟ್ಟಿಯ ಕೆಳಗೆ ಕೊಳವೆ ಇಟ್ಟು ಮೀನಿನ ಹಿಕ್ಕೆ ಹಿಡಿಯುತ್ತಾರೆ. ಹಿಕ್ಕೆಯಲ್ಲಿ ಯಿಟ್ರಿಯಂ ಎಷ್ಟು ದಟ್ಟವಾಗಿದೆ ಅಂತ ನೋಡಿದರೆ ಪ್ರೋಟೀನ್ ಎಷ್ಟು ಒಳಗೇ ಉಳಿಯಿತು ಅನ್ನುವ ಲೆಕ್ಕ ಸಿಗುತ್ತದೆ. ಹಿಕ್ಕೆ ನೀರಲ್ಲಿ ಕರಗುವ ಮೊದಲೇ ಹಿಡಿಯಬೇಕು, ತಡವಾದರೆ ಪ್ರೋಟೀನ್ ಸೋರಿಹೋಗಿ ಕೆಟ್ಟ ಫೀಡೂ ಒಳ್ಳೆಯದಾಗಿ ಕಾಣುತ್ತದೆ. ಮೀನಿನ ಪೋಷಣೆಯ ಅರ್ಧ ವಿಜ್ಞಾನ ಹಿಕ್ಕೆ ಹಿಡಿಯುವುದರಲ್ಲೇ ಇದೆ, ತಮಾಷೆಗೆ ಹೇಳುತ್ತಿಲ್ಲ. ಇಂಥ ಪ್ರಯೋಗಗಳಲ್ಲಿ ರೈನ್‌ಬೋ ಟ್ರೌಟ್ ಮೀನು ಪುಕ್ಕದ ಪುಡಿಯ ಪ್ರೋಟೀನಿನಲ್ಲಿ ಮೊದಮೊದಲು ಶೇ. 60ರ ಆಸುಪಾಸು ಮಾತ್ರ ಜೀರ್ಣಿಸಿಕೊಳ್ಳುತ್ತಿತ್ತು. 1990ರ ದಶಕದ ಕೊನೆಗೆ ಅದು ಶೇ. 80ರ ಹತ್ತಿರ ಬಂತು. ಮೀನು ಬದಲಾಗಿರಲಿಲ್ಲ, ಪುಕ್ಕವೂ ಬದಲಾಗಿರಲಿಲ್ಲ. ಬೇಯಿಸುವ ಕ್ರಮ ಬದಲಾಗಿತ್ತು.

ಸರಿ, ಜೀರ್ಣವಾಯಿತು ಅಂದುಕೊಳ್ಳೋಣ. ಅಲ್ಲಿಗೆ ಮುಗಿಯಲಿಲ್ಲ. ಹಳೆಯ ಅಚ್ಚುಕೂಟ ನೋಡಿದವರು ಇಲ್ಲಿ ಇರಬಹುದು. ಒಂದು ಪುಸ್ತಕ ಅಚ್ಚಾದ ಮೇಲೆ ಪುಟ ಬಿಚ್ಚಿ, ಸೀಸದ ಅಕ್ಷರದ ಮೊಳೆಗಳನ್ನು ಮತ್ತೆ ಅವವುಗಳ ಖಾನೆಗೆ ಹಾಕುತ್ತಿದ್ದರು. ಅದೇ ಮೊಳೆಗಳಿಂದ ಇನ್ನೊಂದು ಪುಸ್ತಕ ಕಟ್ಟುತ್ತಿದ್ದರು. ಮೀನಿನ ಹೊಟ್ಟೆಯ ಕೆಲಸವೂ ಇದೇ. ಕೋಳಿಯ ಪುಟ ಬಿಚ್ಚಿ ಮೀನಿನ ಪುಟ ಜೋಡಿಸುತ್ತದೆ. ಮೊಳೆ ಅಂದರೆ ಅಮೈನೋ ಆಮ್ಲ. ಅವುಗಳಲ್ಲಿ ಹತ್ತನ್ನು ಮೀನು ತಾನಾಗಿ ಮಾಡಿಕೊಳ್ಳಲಾರದು, ತಿಂದೇ ಪಡೆಯಬೇಕು. ‘ಲ’ ಅಕ್ಷರದ ಮೊಳೆ ಖಾಲಿಯಾದರೆ ಉಳಿದ ಮೊಳೆ ರಾಶಿ ಬಿದ್ದಿದ್ದರೂ ಪುಟ ಮುಂದೆ ಹೋಗುವುದಿಲ್ಲ. ಉಳಿದದ್ದನ್ನು ಮೀನು ಸೌದೆ ಮಾಡಿ ಉರಿಸುತ್ತದೆ. ಅದರ ಸಾರಜನಕ ಕಿವಿರಿನಿಂದ ಅಮೋನಿಯಾ ಆಗಿ ನಿಮ್ಮ ಕೊಳಕ್ಕೇ ಬರುತ್ತದೆ. ನೀವು ಪ್ರೋಟೀನಿಗೆ ದುಡ್ಡು ಕೊಟ್ಟು ಅಮೋನಿಯಾ ಕೊಂಡ ಹಾಗಾಯಿತು.

ಆ ಹತ್ತು ಮೊಳೆಗಳ ಪೈಕಿ ಪುಕ್ಕದಲ್ಲಿ ಲೈಸಿನ್, ಮೆಥಿಯೋನಿನ್, ಹಿಸ್ಟಿಡಿನ್ ಕಡಿಮೆ. ರಕ್ತದಲ್ಲಿ ಲೈಸಿನ್ ಮತ್ತು ಹಿಸ್ಟಿಡಿನ್ ತುಂಬಿ ತುಳುಕುತ್ತದೆ, ಆದರೆ ಐಸೊಲ್ಯೂಸಿನ್ ತೀರಾ ಕಮ್ಮಿ. ಪುಕ್ಕದಲ್ಲಿ ಐಸೊಲ್ಯೂಸಿನ್‌ಗೆ ಬರವಿಲ್ಲ. ಎರಡನ್ನೂ ಹದವಾಗಿ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡರಲ್ಲೂ ಸಾಕಷ್ಟಿಲ್ಲದ ಮೆಥಿಯೋನಿನ್ನನ್ನು ಹೊರಗಿನಿಂದ ಕೊಂಡು ಹಾಕಬೇಕು. ಅದೇನೂ ದೊಡ್ಡ ವಿಷಯವಲ್ಲ, ಫೀಡ್ ಮಾಡುವವರು ದಿನಾ ಮಾಡುತ್ತಾರೆ.

ಹಿಸ್ಟಿಡಿನ್ ಅಂದಾಗ ಒಂದು ಕಥೆ ಹೇಳಲೇಬೇಕು. ಇವತ್ತು ನೀವು ಬೇರೆಲ್ಲ ಮರೆತರೂ ಇದು ನೆನಪಿರಲಿ. ದನಗಳ ಹುಚ್ಚು ರೋಗ, ಬಿಎಸ್‌ಇ ಅನ್ನುತ್ತಾರಲ್ಲ, ಅದು ಬ್ರಿಟನ್ನಿನಲ್ಲಿ 1986ರಲ್ಲಿ ಪತ್ತೆಯಾಯಿತು. ದನಗಳ ಮಾಂಸ-ಮೂಳೆ ಪುಡಿಯನ್ನು ದನಗಳಿಗೇ ತಿನ್ನಿಸಿದ್ದರಿಂದ ಹರಡಿದ ರೋಗ. ಆ ಭಯದಲ್ಲಿ 1990ರ ದಶಕದ ನಡುವೆ ಯುರೋಪಿನ ಸಾಲ್ಮನ್ ಫೀಡ್‌ನಿಂದ ಪ್ರಾಣಿ ರಕ್ತದ ಪುಡಿಯನ್ನು ತೆಗೆದುಹಾಕಿದರು. ಫೀಡ್‌ನ ಪ್ರೋಟೀನ್ ಸಂಖ್ಯೆ ಮೊದಲಿನ ಹಾಗೇ ಇತ್ತು. ಮೀನು ಬೆಳೆಯುತ್ತಲೂ ಇತ್ತು. ಆದರೆ ಸಮುದ್ರದ ಪಂಜರಗಳಲ್ಲಿ ಎಳೆಯ ಸಾಲ್ಮನ್‌ಗಳ ಕಣ್ಣು ಬೆಳ್ಳಗಾಗತೊಡಗಿತು. ಕಣ್ಣಿನ ಪೊರೆ, ನಮ್ಮಲ್ಲಿ ವಯಸ್ಸಾದವರಿಗೆ ಬರುತ್ತದಲ್ಲ, ಅದು. ಫೀಡ್‌ನ ಗುಳಿಗೆ ಮುಂದೆ ಬಂದರೂ ಕಾಣದ ಮೀನು ತಿನ್ನುವುದು ಹೇಗೆ?

ಕಾರಣಕ್ಕೆ ಬಹಳ ಹುಡುಕಾಟ ನಡೆಯಿತು. ರಕ್ತದ ಪುಡಿ ತೆಗೆದಾಗ ಅದರೊಂದಿಗೆ ಹಿಸ್ಟಿಡಿನ್ ಕೂಡ ಇಳಿದಿತ್ತು. ಮೀನಿನ ಕಣ್ಣಿನ ಮಸೂರ ಹಿಸ್ಟಿಡಿನ್‌ನಿಂದ ಒಂದು ವಸ್ತು ಮಾಡಿಕೊಂಡು ತನ್ನೊಳಗಿನ ನೀರಿನ ಹದ ಕಾಯ್ದುಕೊಳ್ಳುತ್ತದೆ. ಮೈ ಬೆಳೆಯಲು ಬೇಕಾದ ಹಿಸ್ಟಿಡಿನ್‌ಗಿಂತ ಕಣ್ಣು ಕಾಯಲು ಬೇಕಾದದ್ದು ಜಾಸ್ತಿ. ಹಿಸ್ಟಿಡಿನ್ ಮತ್ತೆ ಸೇರಿಸಿದಾಗ ಪೊರೆ ಬರುವುದು ಕಡಿಮೆಯಾಯಿತು. ತೂಕ ನೋಡಿ ಫೀಡ್ ಚೆನ್ನಾಗಿದೆ ಅಂದವರಿಗೆ ಕಣ್ಣು ಬೇರೆಯೇ ಲೆಕ್ಕ ಹೇಳಿತು. ನಾನು ಆ ಕೆಂಪು ಡಬ್ಬಿಯನ್ನು ಬರೀ ‘ಶೇ. 90 ಪ್ರೋಟೀನ್’ ಅಂತ ಕರೆಯದಿರುವುದು ಇದಕ್ಕೇ.

ರಕ್ತದಲ್ಲೂ ಬೇಯಿಸುವವರ ಕೈಗುಣವೇ ಮುಖ್ಯ. ಹಸಿ ರಕ್ತದಲ್ಲಿ ಸುಮಾರು ಶೇ. 80 ನೀರು. ಹಿಂದೆ ದೊಡ್ಡ ಕಡಾಯಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಒಣಗಿಸುತ್ತಿದ್ದರು. ಅಷ್ಟು ಹೊತ್ತಿಗೆ ಅದರ ಆಸ್ತಿಯಾದ ಲೈಸಿನ್ನೇ ಸುಟ್ಟಿರುತ್ತಿತ್ತು. ಈಗ ತುಂತುರು ಮಾಡಿ ಬಿಸಿಗಾಳಿಯಲ್ಲಿ ಕ್ಷಣದಲ್ಲಿ ಒಣಗಿಸುತ್ತಾರೆ. ಎರಡರ ಹೆಸರೂ ರಕ್ತದ ಪುಡಿ, ಎರಡರ ಪ್ರೋಟೀನ್ ಸಂಖ್ಯೆಯೂ ಒಂದೇ. ಮೀನಿಗೆ ಮಾತ್ರ ಅವು ಬೇರೆ ಬೇರೆ.

ಮಾಂಸ-ಮೂಳೆ ಪುಡಿಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಟ್ಟು ತೂಕದಲ್ಲಿ ಪ್ರೋಟೀನ್ ಅರ್ಧದಷ್ಟು, ಸುಮಾರು ಕಾಲು ಭಾಗ ಇಲ್ಲವೇ ಅದಕ್ಕೂ ಮೇಲೆ ಮೂಳೆಯ ಬೂದಿ. ಮೂಳೆಯಲ್ಲಿ ರಂಜಕ ಇದೆ, ಮೀನಿಗೂ ರಂಜಕ ಬೇಕು, ಸರಿಹೋಯಿತಲ್ಲ ಅನಿಸಬಹುದು. ಆದರೆ ಗೆಂಡೆ ಜಾತಿಯ ಮೀನುಗಳಿಗೆ ಜಠರವೇ ಇಲ್ಲ. ಬಾಯಿ ಆದ ಮೇಲೆ ನೇರ ಕರುಳು. ಜಠರದ ಆಮ್ಲ ಇಲ್ಲದೆ ಮೂಳೆ ಕರಗುವುದಿಲ್ಲ. ರಂಜಕದ ಬಹುಪಾಲು ಹಾಗೇ ಹೊರಬಿದ್ದು ನೀರಿಗೆ ಸೇರುತ್ತದೆ, ನೀರು ಹಸಿರಾಗುತ್ತದೆ. ಬೂದಿ ಕಡಿಮೆ ಇರುವ ಮಾಲು ಸಿಕ್ಕರೆ ಮಾತ್ರ ತೆಗೆದುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಕೋಳಿಯ ಪುಡಿ ಇವುಗಳಲ್ಲಿ ಎಲ್ಲಕ್ಕಿಂತ ಸಲೀಸು. ಹೆಚ್ಚಿನ ಮೀನುಗಳಲ್ಲಿ ಮೀನುಪುಡಿಯ ಅರ್ಧದಷ್ಟನ್ನು ಇದರಿಂದ ತುಂಬಬಹುದು, ಕೆಲವಕ್ಕೆ ಇನ್ನೂ ಜಾಸ್ತಿ. ಪುಕ್ಕ ಮತ್ತು ರಕ್ತವನ್ನು ಫೀಡ್‌ನ ಶೇ. 5ರಿಂದ 10ರ ಒಳಗೆ ಇಡುವುದು ವಾಡಿಕೆ. ಒಂದು ಎಚ್ಚರಿಕೆ: ನೆಲದ ಪ್ರಾಣಿಯ ಪುಡಿಯಲ್ಲಿ ಮೀನೆಣ್ಣೆಯ ಒಮೆಗಾ-3 ಇರುವುದಿಲ್ಲ. ಮೀನುಪುಡಿ ಕಡಿಮೆ ಮಾಡಿದಷ್ಟೂ ಅದು ಮೀನಿನ ಮೈಯಲ್ಲೂ ಇಳಿಯುತ್ತದೆ. ಅದನ್ನು ಮೀನೆಣ್ಣೆಯಿಂದಲೋ ಪಾಚಿಯ ಎಣ್ಣೆಯಿಂದಲೋ ಬೇರೆಯಾಗಿ ತುಂಬಬೇಕು.

ಕಾನೂನಿನ ಮಾತು. ಯುರೋಪಿಯನ್ ಒಕ್ಕೂಟ 2001ರಲ್ಲಿ ಸಾಕುಪ್ರಾಣಿಗಳ ಮೇವಿನಲ್ಲಿ ಇಂಥ ಪುಡಿಗಳನ್ನು ಬಹುತೇಕ ಪೂರ್ತಿ ನಿಷೇಧಿಸಿತು. 2013ರ ಜೂನ್‌ನಲ್ಲಿ ಮೊದಲು ಮೀನಿಗೆ ಬಾಗಿಲು ತೆರೆಯಿತು, ಅದೂ ಹಂದಿ, ಕೋಳಿಯಂಥ ಮೆಲುಕು ಹಾಕದ ಪ್ರಾಣಿಗಳ ಪುಡಿಗೆ. ಮನುಷ್ಯರು ತಿನ್ನಬಹುದು ಅಂತ ಪಾಸಾದ ಪ್ರಾಣಿಯ ಉಳಿಕೆಯೇ ಆಗಬೇಕು. ಸತ್ತು ಬಿದ್ದ, ರೋಗ ಬಂದ ಪ್ರಾಣಿ ಮೇವಿನ ಸಾಲಿಗೇ ಬರುವಂತಿಲ್ಲ. ಸಸ್ತನಿಗಳ ಮಾಲನ್ನು 50 ಮಿಲಿಮೀಟರ್‌ಗಿಂತ ದೊಡ್ಡ ತುಂಡಿಲ್ಲದಂತೆ ಕೊಚ್ಚಿ, 133 ಡಿಗ್ರಿಯಲ್ಲಿ, 3 ಬಾರ್ ಒತ್ತಡದಲ್ಲಿ 20 ನಿಮಿಷ ಬೇಯಿಸಬೇಕು. ಸಾಕಿದ ಮೀನಿನ ಪುಡಿಯನ್ನು ಅದೇ ಜಾತಿಯ ಮೀನಿಗೆ ತಿನ್ನಿಸುವಂತಿಲ್ಲ. ದನದಿಂದ ದನಕ್ಕೆ ಹೋದ ರೋಗ ಕಲಿಸಿದ ಪಾಠ ಅದು. ಈ ಕೊನೆಯ ನಿಯಮವನ್ನು ಎಲ್ಲಿ ಕಾನೂನು ಇರಲಿ ಬಿಡಲಿ, ಪಾಲಿಸಿ ಅಂತ ನಾನು ಹೇಳುತ್ತೇನೆ.

ಬೇಯಿಸದೆ, ಕೋಳಿಯ ಕರುಳನ್ನು ಬಕೆಟ್‌ನಲ್ಲಿ ತಂದು ನೇರ ಕೊಳಕ್ಕೆ ಸುರಿಯುವವರೂ ಇದ್ದಾರೆ. ‘ಮೀನು ಮುಗಿಬಿದ್ದು ತಿನ್ನುತ್ತೆ ಸರ್’ ಅನ್ನುತ್ತಾರೆ. ತಿನ್ನುತ್ತದೆ, ನಿಜ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆ. ಸಾಲ್ಮೊನೆಲ್ಲಾದಂಥ ರೋಗಾಣುಗಳು ನೀರಿಗೆ, ಅಲ್ಲಿಂದ ಕೈಗೆ ಬರುತ್ತವೆ. ಹಸಿ ಮೀನಿನ ಉಳಿಕೆ ಹಾಕುವವರಿಗೆ ಇನ್ನೊಂದು ತೊಂದರೆ. ಕೆಲವು ಜಾತಿಯ ಹಸಿ ಮೀನಿನಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ, ಅದು ಬಿ1 ಜೀವಸತ್ವವನ್ನು ಕಡಿದುಹಾಕುತ್ತದೆ. ಹೊಟ್ಟೆ ತುಂಬ ತಿಂದ ಮೀನಿಗೇ ಬಿ1 ಕೊರತೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ.

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆ ಕೇಳಲು ಹೇಳಿದೆ. ಮೂರು ಬಂದವು.

ಹಿಂದಿನ ಸಾಲಿನ ಒಬ್ಬರು ಕೇಳಿದರು: “ಈ ವಾಸನೆಯೆಲ್ಲ ಮೀನಿನ ಮಾಂಸಕ್ಕೆ ಬರಲ್ವಾ?” ಬರುವುದಿಲ್ಲ. ಮೀನು ಅದನ್ನು ಮೊಳೆ ಮೊಳೆಯಾಗಿ ಬಿಚ್ಚಿದ ಮೇಲೆ ಪುಕ್ಕದ ವಾಸನೆ ಎಲ್ಲಿಂದ? ಸಾಕಿದ ಮೀನಿಗೆ ಬರುವ ಮಣ್ಣಿನ ವಾಸನೆ ಸಾಮಾನ್ಯವಾಗಿ ನೀರಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್‌ನಿಂದ. ಕೊಬ್ಬಿನ ಗುಣ ಮಾತ್ರ ಫೀಡ್‌ನ ಕೊಬ್ಬಿಗೆ ತಕ್ಕಂತೆ ಬದಲಾಗುತ್ತದೆ. ಅದಕ್ಕೇ ಹಳಸಿದ ಕೊಬ್ಬಿನ ಪುಡಿ ಬೇಡ ಅನ್ನುವುದು.

“ತಿನ್ನುವವರಿಗೆ ಇದನ್ನು ಹೇಳಬೇಕಾ?” ಅಂತ ಇನ್ನೊಬ್ಬರು. ಹೇಳಬೇಕು. ಹಂದಿಯದ್ದೋ ದನದ್ದೋ ಅಂತ ಯೋಚಿಸುವವರು ಇದ್ದಾರೆ, ಅವರ ಯೋಚನೆ ಅವರದು. ಯಾವ ಪ್ರಾಣಿಯದು ಅಂತ ಚೀಲದ ಮೇಲೆ ಬರೆಯದ ಪುಡಿಯನ್ನು ನಾನಂತೂ ಕೊಳ್ಳುವುದಿಲ್ಲ.

ಮೂರನೆಯವರು ಮೀನು ಹೆಚ್ಚುವ ಸಣ್ಣ ಘಟಕ ನಡೆಸುವವರು. “ನಮ್ಮಲ್ಲಿ ರೆಂಡರಿಂಗ್ ಕುಕ್ಕರ್ ಹಾಕುವಷ್ಟು ಉಳಿಕೆ ಇಲ್ಲ, ಬಿಸಾಡುವಷ್ಟು ಕಡಿಮೆಯೂ ಇಲ್ಲ. ಏನು ಮಾಡಲಿ?” ಅಂದರು. ಅವರಿಗೆ ಹೇಳಿದ್ದು ಸೈಲೇಜ್, ಅಂದರೆ ಉಳಿಕೆಯನ್ನು ಆಮ್ಲದಲ್ಲಿ ಕೆಡದಂತೆ ಕರಗಿಸಿಡುವುದು. ತಲೆ, ಮುಳ್ಳು, ಕರುಳು ಎಲ್ಲ ಹಸಿಯಾಗಿರುವಾಗಲೇ ನುಣ್ಣಗೆ ಅರೆಯಿರಿ. ಕರುಳು ಬಿಡಬೇಡಿ, ಕರಗಿಸುವ ಕಿಣ್ವ ಇರುವುದೇ ಅದರಲ್ಲಿ. ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, 100 ಕೆಜಿಗೆ ಮೂರು ಕೆಜಿ ಆಸುಪಾಸು ಫಾರ್ಮಿಕ್ ಆಮ್ಲ ಸೇರಿಸಿ. ಕಬ್ಬಿಣದ ಡ್ರಮ್ ಬೇಡ, ಆಮ್ಲ ಅದನ್ನು ತಿಂದುಹಾಕುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಆಮ್ಲದ ಕ್ಯಾನ್ ಮುಟ್ಟಬೇಡಿ. ಪಿಎಚ್ 4ಕ್ಕಿಂತ ಕೆಳಗೆ ಇಳಿದಿದೆಯಾ ಅಂತ ಕಾಗದದ ಪಟ್ಟಿಯಲ್ಲಿ ನೋಡಿ, ಮೂಳೆ ಆಮ್ಲವನ್ನು ಹೀರುವುದರಿಂದ ಮಾರನೇ ದಿನ ಮತ್ತೊಮ್ಮೆ ನೋಡಿ. ಬೆಚ್ಚಗಿನ ಜಾಗದಲ್ಲಿ ಕೆಲವೇ ದಿನಕ್ಕೆ ಅದು ಗಂಜಿಯ ಹಾಗೆ ತೆಳ್ಳಗಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಫೀಡ್‌ಗೆ ಬೆರೆಸುವ ಮುನ್ನ ಕಾಯಿಸಿ.

“ಅಷ್ಟೇನಾ?” ಅಂದರು. ದಿನಾ ಕಲಕಬೇಕು, ತಳದವರೆಗೆ. ಆಮ್ಲ ತಾಗದ ಒಂದು ಮುಷ್ಟಿ ಗಂಟು ಡ್ರಮ್ಮಿನ ಮೂಲೆಯಲ್ಲಿ ಉಳಿದರೂ ಕೊಳೆಯುವುದು ಅಲ್ಲಿಂದಲೇ ಶುರುವಾಗುತ್ತದೆ. ಉದ್ದನೆಯ ಮರದ ಕೋಲು ಇಟ್ಟುಕೊಳ್ಳಿ ಅಂದೆ.